ಮೆದು ಜೇಡಿಮಣ್ಣಿನ ಮಾದರಿ: ತೆಗೆಯುವ ಕ್ರಮವೇ ನಿರ್ಣಾಯಕ

1978ರ ಏಪ್ರಿಲ್ 29ರಂದು ನಾರ್ವೆಯ ರಿಸ್ಸಾದಲ್ಲಿ ಸುಮಾರು 33 ಹೆಕ್ಟೇರ್ ಭೂಮಿ ಕುಸಿದು ಸರೋವರದತ್ತ ಹರಿಯಿತು. ಕೊಟ್ಟಿಗೆಯ ವಿಸ್ತರಣೆಗಾಗಿ ಅಗೆದ ಮಣ್ಣನ್ನು ದಡದಲ್ಲಿ ಸುರಿದದ್ದೇ ಇದಕ್ಕೆ ನಿಮಿತ್ತ. ಒಬ್ಬರು ಮೃತಪಟ್ಟರು. ಅಲುಗದಿರುವಾಗ ಗಟ್ಟಿಯಾಗಿದ್ದು, ಕಲಕಿದೊಡನೆ ದ್ರವದಂತಾಗುವ 'ಕ್ವಿಕ್ ಕ್ಲೇ' ಆ ನೆಲದಡಿಯಲ್ಲಿತ್ತು.

ಇಂತಹ ಮಣ್ಣಿನ ಬಲವನ್ನು ಪ್ರಯೋಗಾಲಯದಲ್ಲಿ ಅಳೆಯಲು ಮಾದರಿ ಬೇಕು. ಆದರೆ ಮಾದರಿಯನ್ನು ಹೊರತೆಗೆಯುವ ಕಾರ್ಯವೇ ಮಣ್ಣಿನ ಸಹಜ ರಚನೆಯನ್ನು ಕೆಡಿಸುತ್ತದೆ. ಕೊಳವೆ ಒಳನುಗ್ಗುವಾಗ ಮಣ್ಣು ಪಕ್ಕಕ್ಕೆ ಸರಿಯುತ್ತದೆ, ಒಳಗೋಡೆಗೆ ಉಜ್ಜುತ್ತದೆ. ಮೇಲೆತ್ತುವಾಗ ನೆಲದಾಳದ ಒತ್ತಡ ಕಳಚುತ್ತದೆ. ಸಾಗಣೆಯ ಕುಲುಕಾಟವೂ ಇದಕ್ಕೆ ಸೇರುತ್ತದೆ.

ಕೊಳವೆಯ ಗೋಡೆ ದಪ್ಪವಾದಷ್ಟೂ ಹಾನಿ ಹೆಚ್ಚು. ಹೊರವ್ಯಾಸ ಹಾಗೂ ಒಳವ್ಯಾಸಗಳ ವರ್ಗಗಳ ವ್ಯತ್ಯಾಸವನ್ನು ಒಳವ್ಯಾಸದ ವರ್ಗದಿಂದ ಭಾಗಿಸಿದರೆ ದೊರೆಯುವ 'ವಿಸ್ತೀರ್ಣ ಅನುಪಾತ' ಇದರ ಅಳತೆಗೋಲು. ಹ್ವೊರ್ಸ್ಲೆವ್ ಅವರ 1949ರ ವರದಿ ಈ ವಿಷಯದಲ್ಲಿ ಆಧಾರಗ್ರಂಥವೆನಿಸಿದೆ. ಉತ್ತಮ ಮಾದರಿಗೆ ಈ ಅನುಪಾತ ಶೇ 10ರ ಆಸುಪಾಸಿನಲ್ಲಿರಬೇಕು. ಬಡಿದು ಇಳಿಸುವ, 51 ಮಿ.ಮೀ. ಹೊರವ್ಯಾಸ ಮತ್ತು 35 ಮಿ.ಮೀ. ಒಳವ್ಯಾಸದ ಸೀಳುಕೊಳವೆಯಲ್ಲಿ ಅದು ಸುಮಾರು ಶೇ 112. ಅದರ ಮಾದರಿಯಿಂದ ಮಣ್ಣಿನ ಬಗೆಯನ್ನು ಗುರುತಿಸಬಹುದೇ ಹೊರತು ಬಲವನ್ನು ಅಳೆಯಲಾಗದು. ಭಾರತದಲ್ಲಿ ತೆಳುಗೋಡೆಯ ಕೊಳವೆಯ ಬಳಕೆಗೆ ಐಎಸ್ 2132 ಸಂಹಿತೆಯಿದೆ.

ಪಿಸ್ಟನ್ ಅಳವಡಿಸಿದ ತೆಳುಕೊಳವೆ ಇನ್ನೂ ಮೇಲು. ನಿಗದಿತ ಆಳ ತಲುಪುವವರೆಗೆ ಪಿಸ್ಟನ್ ಕೊಳವೆಯ ಬಾಯಿಯನ್ನು ಮುಚ್ಚಿರುತ್ತದೆ. ಬಳಿಕ ಅದು ನಿಶ್ಚಲವಾಗಿದ್ದು, ಕೊಳವೆ ಮಾತ್ರ ಒಂದೇ ಸಮನೆ ಕೆಳಗಿಳಿಯುತ್ತದೆ. ಕೆನಡಾದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಾಧನವಂತೂ ಕೊಳವೆಯನ್ನೇ ಬಿಟ್ಟು, ಸುಮಾರು 250 ಮಿ.ಮೀ. ವ್ಯಾಸದ ಮಣ್ಣಿನ ಗಟ್ಟಿಯನ್ನು ಸುತ್ತಲೂ ಕೆತ್ತಿ ತೆಗೆಯುತ್ತದೆ. ಗುಣಮಟ್ಟ ಶ್ರೇಷ್ಠ, ವೆಚ್ಚ ಮತ್ತು ಸಮಯವೂ ಅಧಿಕ.

ಮಾದರಿಯ ಗುಣಮಟ್ಟವನ್ನು ಅರಿಯುವ ವಿಧಾನವನ್ನು ನಾರ್ವೆಯ ಭೂತಾಂತ್ರಿಕ ಸಂಸ್ಥೆಯ ತಜ್ಞರು 1997ರಲ್ಲಿ ಮುಂದಿಟ್ಟರು. ನೆಲದಾಳದಲ್ಲಿದ್ದಷ್ಟೇ ಒತ್ತಡವನ್ನು ಮರಳಿ ಹೇರಿದಾಗ ಮಾದರಿ ಎಷ್ಟು ಕುಗ್ಗುವುದೆಂದು ನೋಡುವುದೇ ಆ ವಿಧಾನ. ಹಿಂದೆ ಹೆಚ್ಚಿನ ಭಾರ ಹೊತ್ತಿರದ ಮಣ್ಣಿನಲ್ಲಿ, ರಂಧ್ರಾನುಪಾತದ ಇಳಿಕೆ ಮೂಲ ಮೌಲ್ಯದ 0.04 ಪಾಲಿಗಿಂತ ಕಡಿಮೆಯಿದ್ದರೆ ಮಾದರಿ ಅತ್ಯುತ್ತಮ, 0.14 ಮೀರಿದರೆ ತೀರಾ ಕಳಪೆ.

ಕೆಟ್ಟ ಮಾದರಿಯ ಪರಿಣಾಮ ಎರಡು ಬಗೆಯದು. ಗರಿಷ್ಠ ಬಲ ಕಡಿಮೆಯೆಂದು ಕಂಡರೆ ಅಡಿಪಾಯದ ವೆಚ್ಚ ವೃಥಾ ಏರುತ್ತದೆ. ಮತ್ತೊಂದು ಇದಕ್ಕಿಂತ ಅಪಾಯಕಾರಿ. ಗರಿಷ್ಠ ಮಟ್ಟ ಮುಟ್ಟಿದೊಡನೆ ಬಲ ಥಟ್ಟನೆ ಕುಸಿಯುವ ಸ್ವಭಾವ ಕಲಕಿದ ಮಾದರಿಯಲ್ಲಿ ಮರೆಯಾಗಿ, ಮುರುಕು ಮಣ್ಣು ಸಾವಧಾನವಾಗಿ ಬಾಗುವ ಮಣ್ಣಿನಂತೆ ತೋರುತ್ತದೆ. ಇಳಿಜಾರಿನಲ್ಲಿ ಮನೆ ಕಟ್ಟುವವರು ಮೊದಲು ತಿಳಿಯಬೇಕಾದದ್ದು ಆ ಸ್ವಭಾವವನ್ನೇ.