ಕ್ಷಣದಲ್ಲಿ ಹಿಡಿಯುವ ಅಂಟು

ಚಹದ ಬಟ್ಟಲಿನ ಹಿಡಿ ಮುರಿಯಿತೆನ್ನಿ. ಮನೆಯ ಹುಡುಗ ಬೀದಿಯಂಗಡಿಗೆ ಓಡಿ, ಬೆರಳುದ್ದದ ಕೊಳವೆಯೊಂದನ್ನು ತಂದು, ಒಂದು ತೊಟ್ಟು ಹಾಕಿ ಒತ್ತಿ ಹಿಡಿಯುತ್ತಾನೆ. ನಿಮಿಷ ಕಳೆಯುವುದರೊಳಗೆ ಹಿಡಿ ಕೂತಿರುತ್ತದೆ. ಗೋಂದಿನಂತೆ ಒಣಗಲೆಂದು ಕಾಯಬೇಕಾಗಿಲ್ಲ. ಹಳೆಯ ಕಾಲದ ಬಡಗಿಯ ಅಂಟಿನಂತೆ ಒಲೆಯ ಮೇಲೆ ಕಾಯಿಸಬೇಕಾಗಿಲ್ಲ. ಈ ದ್ರವದ ಹೆಸರು ಸಯನೋಅಕ್ರಿಲೇಟ್. ಇದನ್ನು ಮೊದಲು ಕೈಯಲ್ಲಿ ಹಿಡಿದವರೇ ಬೇಡವೆಂದು ಬದಿಗಿಟ್ಟಿದ್ದರು ಎಂಬುದು ಇದರ ಚರಿತ್ರೆಯ ಸ್ವಾರಸ್ಯ.

ಅದು 1942, ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪೆನಿಯಲ್ಲಿ ಹ್ಯಾರಿ ಕೂವರ್ ಎಂಬ ತರುಣ ರಸಾಯನ ವಿಜ್ಞಾನಿ ಬಂದೂಕಿನ ಗುರಿನೋಟಕ್ಕೆ ಒದಗುವ, ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದರು. ಪರೀಕ್ಷಿಸಿದ ವಸ್ತುಗಳಲ್ಲಿ ಇದೂ ಒಂದು. ಆದರೆ ಇದು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ಕೆಲಸ ಕೆಡಿಸಿತು. ಆಗ ಬೇಕಾಗಿದ್ದುದು ಗುರಿನೋಟವೇ ಹೊರತು ಅಂಟಲ್ಲ. ಸಂಶೋಧಕರು ಅದನ್ನು ಬಿಟ್ಟು ಮುಂದೆ ಹೋದರು.

ಒಂಬತ್ತು ವರ್ಷ ಕಳೆಯಿತು. 1951ರಲ್ಲಿ ಕೂವರ್ ಅವರು ಟೆನೆಸ್ಸೀ ಪ್ರಾಂತದ ಕಿಂಗ್ಸ್‌ಪೋರ್ಟಿನಲ್ಲಿದ್ದರು. ಜೆಟ್ ವಿಮಾನದ ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಶಾಖ ತಡೆಯುವ ಪ್ಲಾಸ್ಟಿಕ್ ಬೇಕಾಗಿತ್ತು. ಅವರ ಸಹೋದ್ಯೋಗಿ ಫ್ರೆಡ್ ಜಾಯ್ನರ್, ಬೆಳಕು ಎಷ್ಟು ಬಾಗುತ್ತದೆಂದು ಅಳೆಯಲು, ಇದೇ ದ್ರವವನ್ನು ಉಪಕರಣವೊಂದರ ಎರಡು ಗಾಜಿನ ಪಟ್ಟಕಗಳ ನಡುವೆ ಸವರಿದರು. ಅಳತೆಯಾದ ಮೇಲೆ ನೋಡಿದರೆ ಪಟ್ಟಕಗಳು ಬಿಡಿಸಲು ಬರಲೊಲ್ಲವು! ಬೆಲೆಬಾಳುವ ಉಪಕರಣ ಕೆಟ್ಟಿತೆಂದು ಜಾಯ್ನರ್ ಕಳವಳಪಟ್ಟರು. ಕೂವರ್ ಅವರಿಗಾದರೋ ಬೇರೊಂದು ಹೊಳೆಯಿತು. ಹಿಂದೆ ದೋಷವೆಂದುಕೊಂಡದ್ದೇ ಇದರ ಗುಣವಲ್ಲವೇ? 1958ರಲ್ಲಿ ಈ ಅಂಟು ‘ಈಸ್ಟ್‌ಮನ್ 910’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು.

ಇಷ್ಟು ಬೇಗ ಹಿಡಿಯುವ ಗುಟ್ಟೇನು? ಇತರ ಅನೇಕ ಅಂಟುಗಳು ನೀರು ಆರಿದ ಮೇಲೆ ಗಟ್ಟಿಯಾಗುತ್ತವೆ. ಇದಕ್ಕೆ ನೀರೇ ಪ್ರೇರಣೆ. ವಸ್ತುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಸದಾ ಇರುತ್ತದೆ. ಅದು ತಾಗಿದೊಡನೆ ದ್ರವದ ಬಿಡಿ ಅಣುಗಳು ಒಂದರ ಕೈ ಇನ್ನೊಂದು ಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ. ಕೊಳವೆಯೊಳಗೆ ಗಟ್ಟಿಯಾಗದಿರಲೆಂದು ಅತ್ಯಲ್ಪ ಆಮ್ಲವನ್ನು ಸೇರಿಸಿರುತ್ತಾರೆ. ಅಂಟು ತೆಳುವಾದಷ್ಟೂ ಬೇಗ ಹಿಡಿಯುತ್ತದೆ; ದಪ್ಪವಾಗಿ ಮೆತ್ತಿದರೆ ತಡವಾಗುತ್ತದೆ. ನಮ್ಮ ಚರ್ಮದಲ್ಲಿಯೂ ತೇವವಿರುವುದರಿಂದಲೇ ಬೆರಳುಗಳು ಕ್ಷಣದಲ್ಲಿ ಕೂಡಿಕೊಳ್ಳುವುದು.

ಈ ಗುಣವೇ ಮುಂದೆ ಪ್ರಾಣರಕ್ಷಣೆಗೆ ಬಂದಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರು ಆಸ್ಪತ್ರೆ ಸೇರುವವರೆಗೆ ರಕ್ತ ಸೋರದಂತೆ ತಡೆಯಲು ವೈದ್ಯರು ಈ ಬಗೆಯ ಅಂಟನ್ನು ಗಾಯದ ಮೇಲೆ ಸಿಂಪಡಿಸಿದರು. ಶರೀರಕ್ಕೆ ಹೆಚ್ಚು ಸೌಮ್ಯವಾದ ಇನ್ನೊಂದು ಬಗೆಯನ್ನು ಚರ್ಮದ ಗಾಯ ಮುಚ್ಚಲು ಬಳಸಬಹುದೆಂದು ಅಮೆರಿಕ ಸರ್ಕಾರ 1998ರಲ್ಲಿ ಒಪ್ಪಿಗೆ ನೀಡಿತು. ಅಪರಾಧ ಶೋಧಕರು ಇದರ ಆವಿಯನ್ನು ಹಾಯಿಸಿ, ಕಾಣದ ಬೆರಳಚ್ಚನ್ನು ಬೆಳ್ಳಗೆ ಮೂಡಿಸುತ್ತಾರೆ.

ಮನೆಯ ಕೊಳವೆ ಮಾತ್ರ ಗಾಯಕ್ಕೆ ಹಚ್ಚುವ ಔಷಧವಲ್ಲ ಎಂಬುದನ್ನು ಗೃಹಿಣಿಯರು ನೆನಪಿಡಬೇಕು. ಕಣ್ಣಿನ ಔಷಧದ ಬಳಿ ಅದನ್ನು ಇಡಬಾರದು. ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಮೈ ಸುಡುವಷ್ಟು ಬಿಸಿ ಹುಟ್ಟಬಹುದು. ಬೆರಳು ಅಂಟಿಕೊಂಡರೆ ಎಳೆಯದೆ, ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು.

ಕೂವರ್ ಅವರಿಗೆ 2010ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರವಿಜ್ಞಾನ ಪದಕ ದೊರೆಯಿತು. ಮರುವರ್ಷ ಅವರು ತೀರಿಕೊಂಡರು. ಬಂದೂಕಿನ ಗುರಿಗೆಂದು ಹೊರಟ ಹುಡುಕಾಟ ಗುಂಡಿನ ಗಾಯವನ್ನು ಮುಚ್ಚುವಲ್ಲಿಗೆ ಬಂದು ಮುಟ್ಟಿತು. 1942ರಲ್ಲಿಯೂ 1951ರಲ್ಲಿಯೂ ವಸ್ತು ಒಂದೇ. ಬದಲಾದದ್ದು ನೋಡಿದವರ ದೃಷ್ಟಿ.