ತಾಮ್ರದ ಹಲಗೆಯ ಮೇಲೊಂದು ಯುದ್ಧ

ನೆಪೋಲಿಯನ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕುಳ್ಳನೆಯ, ಸಿಡುಕು ಮೋರೆಯ ವ್ಯಕ್ತಿ. ನಿಜದಲ್ಲಿ ಅವನ ಎತ್ತರ ಸುಮಾರು 168 ಸೆಂಟಿಮೀಟರ್. ಅಂದಿನ ಫ್ರೆಂಚರ ನಡುವೆ ಅದು ಕುಳ್ಳೇನಲ್ಲ. ಆ ಕುಳ್ಳ ರೂಪವನ್ನು ಲೋಕದ ನೆನಪಿನಲ್ಲಿ ಅಚ್ಚೊತ್ತಿದವರಲ್ಲಿ ಪ್ರಮುಖನು ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ (1756–1815).

ಗಿಲ್ರೇಯ ತಂದೆ ಫಾಂಟೆನಾಯ್ ಕದನದಲ್ಲಿ ಒಂದು ತೋಳು ಕಳೆದುಕೊಂಡ ಸೈನಿಕ. ಬಳಿಕ ಮೊರೇವಿಯನ್ ಸಭೆಯ ಸಮಾಧಿಭೂಮಿಯ ಸೇವಕ. ಮಗನು ಎಳವೆಯಲ್ಲಿ ಆ ಸಭೆಯ ವಸತಿಶಾಲೆಯಲ್ಲಿ ಬೆಳೆದನು. ಯುದ್ಧದ ಬೆಲೆ ಏನೆಂಬುದನ್ನು ಮನೆಯಲ್ಲಿಯೇ ಕಂಡವನು ಅವನು.

ತಾಮ್ರದ ಹಲಗೆಯ ಮೇಲೆ ಗೀರಿ, ಆಮ್ಲದಿಂದ ಕೊರೆದು, ಮುದ್ರಿಸಿ, ಕೈಯಿಂದ ಬಣ್ಣ ತುಂಬಿದ ಅವನ ಚಿತ್ರಗಳು ಹ್ಯಾನಾ ಹಂಫ್ರಿ ಎಂಬಾಕೆಯ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಕೊಳ್ಳಲಾಗದವರೂ ಬೀದಿಯಲ್ಲಿ ನಿಂತು ಅಂಗಡಿಯ ಕಿಟಕಿಯಲ್ಲಿ ಅವುಗಳನ್ನು ಕಂಡು ನಗುತ್ತಿದ್ದರು. ಅರಸನನ್ನಾಗಲಿ ಪ್ರಧಾನಿ ಪಿಟ್‌ನನ್ನಾಗಲಿ ಅವನು ಬಿಡಲಿಲ್ಲ. ಬಾಲಯೇಸುವಿಗೆ ಜ್ಞಾನಿಗಳು ತಂದ ಕಾಣಿಕೆಯ ಪ್ರಸಂಗವನ್ನು ಅಣಕಿಸಿ ರಾಜಕುಮಾರನನ್ನು ಗೇಲಿ ಮಾಡಿದ್ದಕ್ಕಾಗಿ 1796ರಲ್ಲಿ ದೈವನಿಂದೆಯ ಆರೋಪವನ್ನೂ ಎದುರಿಸಿದನು. ಆ ಮೊಕದ್ದಮೆ ಮುಂದುವರಿಯಲಿಲ್ಲ. ಮರುವರ್ಷದಿಂದ ಸರ್ಕಾರ ಅವನಿಗೆ ಗುಪ್ತವಾಗಿ ವರ್ಷಕ್ಕೆ 200 ಪೌಂಡು ಕೊಡತೊಡಗಿತು. ಎಲ್ಲರನ್ನೂ ಚುಚ್ಚುತ್ತಿದ್ದ ಲೇಖನಿ ಒಂದು ಪಕ್ಷದ ಹಂಗಿಗೆ ಬಿದ್ದಿತು.

1801ರಲ್ಲಿ ಪಿಟ್ ಅಧಿಕಾರ ತೊರೆದಾಗ ಆ ವೇತನವೂ ನಿಂತಿತು. 1803ರಲ್ಲಿ ಯುದ್ಧ ಮರುಕಳಿಸಿತು. ಅರಸ ಮೂರನೆಯ ಜಾರ್ಜ್ ಅಂಗೈಯ ಮೇಲೆ ಗೊಂಬೆಯಷ್ಟು ಪುಟ್ಟ ನೆಪೋಲಿಯನ್ನನನ್ನು ನಿಲ್ಲಿಸಿಕೊಂಡು ದೂರದರ್ಶಕದಲ್ಲಿ ನೋಡುವ ಚಿತ್ರ ಆ ವರ್ಷದ್ದು. ದಂಡೆತ್ತಿ ಬರುವನೆಂದು ಹೆದರಿದ್ದ ಜನರಿಗೆ ಆ ನಗು ಧೈರ್ಯ ತಂದಿರಬೇಕು. ಆದರೆ 1805ರ ಚಿತ್ರದಲ್ಲಿ ನೆಪೋಲಿಯನ್ನನೂ ಪಿಟ್‌ನೂ ಒಂದೇ ಮೇಜಿಗೆ ಕುಳಿತು ಭೂಗೋಳವನ್ನು ಕಡುಬಿನಂತೆ ಕೊಯ್ದುಕೊಳ್ಳುತ್ತಾರೆ. ಶತ್ರುವಿನ ದುರಾಸೆಯೊಂದಿಗೆ ತನ್ನವರ ದುರಾಸೆಯನ್ನೂ ಗಿಲ್ರೇ ಅಲ್ಲಿ ತೋರಿಸಿದನು.

ಕೊನೆಗೆ ಅವನ ದೃಷ್ಟಿ ಮಂಕಾಯಿತು, ಬುದ್ಧಿ ಕದಡಿತು. 1815ರ ಜೂನ್ 1ರಂದು, ವಾಟರ್ಲೂ ಕದನಕ್ಕೆ ಹದಿನೇಳು ದಿನ ಮೊದಲು, ಅವನು ತೀರಿಕೊಂಡನು. ನೆಪೋಲಿಯನ್ನನ ಸಾಮ್ರಾಜ್ಯ ಅಳಿಯಿತು. ಅವನ ಕುಳ್ಳ ರೂಪ ಮಾತ್ರ ಉಳಿಯಿತು.

ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರ ಕಟ್ಟಳೆ ಶತ್ರುವಿಗೂ ಅನ್ವಯಿಸುತ್ತದೆ. ನಾಲಗೆಯಿಂದ ಹೇಳಿದರೇನು, ಚಿತ್ರದಿಂದ ಹೇಳಿದರೇನು? ಅಂದು ಅಂಗಡಿಯ ಕಿಟಕಿಯಲ್ಲಿ ಕಂಡ ಅಣಕು ಇಂದು ನಮ್ಮ ಮೊಬೈಲಿನಲ್ಲಿ ಬರುತ್ತದೆ. ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ, ಈ ನಗು ನಮ್ಮ ತಪ್ಪನ್ನೂ ಕಾಣಿಸುತ್ತಿದೆಯೇ, ಇಲ್ಲವೇ ಎದುರಿನವನನ್ನಷ್ಟೇ ಕುಳ್ಳಾಗಿಸುತ್ತಿದೆಯೇ ಎಂದು ಕೇಳಿಕೊಳ್ಳುವುದು ಒಳಿತು.