ಥಾಣೆ, ಕಲ್ಯಾಣ್, ಡೊಂಬಿವಲಿ ಮತ್ತು ನವಿ ಮುಂಬಯಿಯಲ್ಲಿ ಸೈಕಲ್ ಸಂಚಾರದ ಎಣಿಕೆ

ಮುಂಬಯಿಯ ಪಕ್ಕದ ಈ ನಗರಗಳಲ್ಲಿ ಎಷ್ಟು ಜನ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಾರೆ, ಆ ಸಂಖ್ಯೆ ಏರಿದೆಯೇ ಇಳಿದಿದೆಯೇ ಎಂದು ತಿಳಿಯಲು ನಡೆದ ಪ್ರಯತ್ನಗಳ ಚರಿತ್ರೆ ಇದು. ಒಬ್ಬರು ವಾಹನ ಎಣಿಸಿದರು, ಇನ್ನೊಬ್ಬರು ಮನೆ, ಮತ್ತೊಬ್ಬರು ಕೆಲಸಗಾರರನ್ನು. ಈಚೆಗೆ ಮೊಬೈಲ್ ಆ್ಯಪ್‌ಗಳು ಸವಾರಿ ಎಣಿಸುತ್ತಿವೆ. ಈ ನಾಲ್ಕು ಲೆಕ್ಕಗಳನ್ನು ಸಾಲಾಗಿ ಜೋಡಿಸಿ ಬೆಳವಣಿಗೆಯ ಗೆರೆ ಎಳೆಯುವ ಅಭ್ಯಾಸ ಗೊಂದಲಕ್ಕೆ ಕಾರಣವಾಗಿದೆ.

ಮೊದಲ ಘಟ್ಟ ತೆರಿಗೆಯದು. ಮುಂಬಯಿ ಪ್ರಾಂತ್ಯದ ಪುರಸಭೆಗಳು ಸೈಕಲ್ಲಿಗೆ ವಾರ್ಷಿಕ ತೆರಿಗೆ ವಸೂಲಿ ಮಾಡಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಬಿಲ್ಲೆ ಪುಸ್ತಕದಿಂದ ಸೈಕಲ್ ಎಷ್ಟಿತ್ತೆಂದು ಹೇಳಬಹುದು, ಅದು ಎಲ್ಲಿಗೆ ಹೋಗುತ್ತಿತ್ತೆಂದು ಹೇಳಲಾಗದು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಸ್ಥಾಪನೆಯಾಗಿ ಥಾಣೆಯ ವಾಗ್ಳೆ ಎಸ್ಟೇಟ್, ಬಳಿಕ ಥಾಣೆ–ಬೇಲಾಪುರ ಪಟ್ಟಿ ಮತ್ತು ಡೊಂಬಿವಲಿಯಲ್ಲಿ ಕಾರ್ಖಾನೆಗಳು ಎದ್ದವು. ಪಾಳಿಯ ಕೆಲಸಗಾರರಿಗೆ ಸೈಕಲ್ ಅಗ್ಗದ ವಾಹನವಾಗಿತ್ತು.

ಅದೇ 1962ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೈಕಲ್ ಪಥಗಳ ಬಗ್ಗೆ ಶಿಫಾರಸು ಹೊರಡಿಸಿತು. ದಟ್ಟಣೆಯ ಗಂಟೆಯಲ್ಲಿ 400 ಸೈಕಲ್ ಓಡಾಡುವ ರಸ್ತೆಯಲ್ಲಿ ಮೋಟಾರು ವಾಹನಗಳು 100ರಿಂದ 200 ಇದ್ದರೆ ಪ್ರತ್ಯೇಕ ಪಥ ಒದಗಿಸಬಹುದು. ಮೋಟಾರು ವಾಹನ 200 ದಾಟಿದರೆ ಗಂಟೆಗೆ 100 ಸೈಕಲ್ಲಿದ್ದರೂ ಸಾಕು. ಎಣಿಕೆಗೆ ಇಲ್ಲಿಂದ ಇನ್ನೊಂದು ತೂಕ ಬಂತು: ಪಥ ಬೇಕೇ ಬೇಡವೇ ಎಂಬುದು ಅದರ ಮೇಲೆ ನಿಂತಿತು. ಆದರೆ ಲಾರಿಗೆ ಹೆದರಿ ಸೈಕಲ್ ಬಿಟ್ಟವನು ಯಾವ ರಸ್ತೆಯ ಲೆಕ್ಕಕ್ಕೂ ಸಿಗುವುದಿಲ್ಲ, ಹಾಗಾಗಿ ಪಥದ ಅಗತ್ಯವೂ ಕಾಗದದ ಮೇಲೆ ಕಾಣುವುದಿಲ್ಲ.

ವಾಹನದ ಬಳಿಕ ಮನೆಗಳ ಲೆಕ್ಕ. ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಎಂಎಂಆರ್‌ಡಿಎ) ನಡೆಸಿದ ‘ಟ್ರಾನ್ಸ್‌ಫಾರ್ಮ್’ ಅಧ್ಯಯನ (ವರದಿ 2008) ಇಡೀ ಮಹಾನಗರ ಪ್ರದೇಶದ ಸುಮಾರು 66,000 ಮನೆಗಳನ್ನು ಸಂದರ್ಶಿಸಿತು. ದಿನದ ಪಯಣಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಾಲ್ನಡಿಗೆಯವು ಎಂಬ ಅದರ ಫಲಿತಾಂಶ ಪ್ರಸಿದ್ಧ. ಸೈಕಲ್ ಅದರ ನೆರಳಲ್ಲಿ ಉಳಿಯಿತು. ಜನಗಣತಿಯ ಮನೆಪಟ್ಟಿಯನ್ನು ಆಧರಿಸಿದವರೂ ಇದ್ದಾರೆ. ಅದರ ಪ್ರಕಾರ ದೇಶದ ನಗರ ಕುಟುಂಬಗಳಲ್ಲಿ ಸೈಕಲ್ ಇದ್ದವು 2001ರಲ್ಲಿ ಶೇ. 46, 2011ರಲ್ಲಿ ಶೇ. 41.9. ಆದರೆ ಬಾಲ್ಕನಿಯಲ್ಲಿ ತುಕ್ಕು ಹಿಡಿದು ನಿಂತ ಸೈಕಲ್ಲೂ ಈ ಲೆಕ್ಕದಲ್ಲಿ ಸೈಕಲ್ಲೇ.

ನಿಜವಾದ ತಿರುವು 2011ರ ಜನಗಣತಿಯ ಬಿ-28 ಕೋಷ್ಟಕ. 2015ರಲ್ಲಿ ಪ್ರಕಟವಾದ ಇದು ಕೆಲಸದ ಸ್ಥಳಕ್ಕಿರುವ ದೂರ ಮತ್ತು ಪ್ರಯಾಣದ ಸಾಧನವನ್ನು ಒಟ್ಟಿಗೆ ಕೊಟ್ಟಿತು. ದೇಶದ ಸುಮಾರು 20 ಕೋಟಿ ‘ಇತರ ಕೆಲಸಗಾರ’ರಲ್ಲಿ 2.6 ಕೋಟಿ ಜನ ಸೈಕಲ್ ಹೇಳಿದರು, ಅಂದರೆ ಶೇ. 13ರಷ್ಟು. ಕೃಷಿಕರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು ಈ ವರ್ಗದ ಹೊರಗೆ. ಶಾಲಾ ಮಕ್ಕಳೂ ಹೊರಗೆ.

ಕೋಷ್ಟಕವನ್ನು ಈ ನಗರಗಳಿಗೆ ಅನ್ವಯಿಸುವಾಗ ತೊಡಕು ಶುರು. 2011ರ ಥಾಣೆ ಜಿಲ್ಲೆ 1.1 ಕೋಟಿ ಜನಸಂಖ್ಯೆಯೊಂದಿಗೆ ದೇಶದಲ್ಲೇ ದೊಡ್ಡದು. ಜವ್ಹಾರ್, ಮೊಖಾಡದ ಆದಿವಾಸಿ ಊರುಗಳೂ ಅದರೊಳಗಿದ್ದವು. ನಗರ ಭಾಗವನ್ನಷ್ಟೇ ಬೇರೆ ತೆಗೆದರೂ ಭಿವಂಡಿಯ ಮಗ್ಗದ ಕೆಲಸಗಾರರು, ಪಶ್ಚಿಮ ರೈಲ್ವೆಯನ್ನು ನಂಬಿದ ವಸಾಯಿ–ವಿರಾರ್ ನಿವಾಸಿಗಳು ಥಾಣೆ, ಡೊಂಬಿವಲಿಯವರ ಜೊತೆ ಒಂದೇ ಅಂಕಿಯಲ್ಲಿ ಸೇರುತ್ತಾರೆ. ನವಿ ಮುಂಬಯಿಯದು ಇದಕ್ಕೆ ತದ್ವಿರುದ್ಧ. ವಾಶಿ, ನೆರೂಳ್, ಬೇಲಾಪುರ ಥಾಣೆ ಜಿಲ್ಲೆಯಲ್ಲಿ, ಖಾರ್ಘರ್, ಕಾಮೋಠೆ ರಾಯಗಡದಲ್ಲಿ. ಖಾರ್ಘರ್‌ನಿಂದ ಬೇಲಾಪುರದ ಕಚೇರಿಗೆ ಸೈಕಲ್ಲಲ್ಲಿ ಹೋಗುವವರು ರಾಯಗಡದ ಪುಟದಲ್ಲಿ ಸಿಗುತ್ತಾರೆ.

ಇದಕ್ಕಿಂತ ದೊಡ್ಡ ಸೋರಿಕೆ ರೈಲು ನಿಲ್ದಾಣದ ಬಾಗಿಲಲ್ಲಿದೆ. ಗಣತಿ ಒಬ್ಬರಿಗೆ ಒಂದೇ ಸಾಧನ ಬರೆದುಕೊಂಡಿತು. ಬೆಳಿಗ್ಗೆ ಡೊಂಬಿವಲಿ ನಿಲ್ದಾಣದ ತನಕ ಸೈಕಲ್ ತುಳಿದು, ಬೀಗ ಹಾಕಿ, ಫಾಸ್ಟ್ ಲೋಕಲ್ ಹಿಡಿದು ದಾದರಿನಲ್ಲಿ ಇಳಿಯುವವರ ಮುಂದೆ ‘ರೈಲು’ ಎಂದಷ್ಟೇ ಬೀಳುತ್ತದೆ. ಮುಂಬಯಿಯ ನಿತ್ಯ ಪ್ರಯಾಣದ ಮೇಲೆಯೇ ಬೆಳೆದ ಊರುಗಳಲ್ಲಿ ಇದನ್ನು ಸಣ್ಣ ದೋಷವೆಂದು ಬದಿಗಿಡುವಂತಿಲ್ಲ. ಡಬ್ಬಾವಾಲಾಗಳದು ಇನ್ನೊಂದು ಬಗೆ. ಮನೆಮನೆಯ ಊಟದ ಡಬ್ಬ ಹ್ಯಾಂಡಲ್‌ಗೂ ಕ್ಯಾರಿಯರ್‌ಗೂ ತೂಗುಹಾಕಿಕೊಂಡು ನಿಲ್ದಾಣಕ್ಕೆ ಬರುವ ಅವರ ಸೈಕಲ್, ರಸ್ತೆಯಲ್ಲಿ ನಿಂತು ಎಣಿಸುವವನಿಗೆ ಒಂದು ಗೀಟು. ಗಣತಿಗೆ ಅದು ಕೆಲಸಕ್ಕೆ ಹೋಗುವ ಪಯಣವಲ್ಲ, ಕೆಲಸವೇ.

ಈಚಿನ ದಶಕದ ಬಗ್ಗೆ ಬರಹ ಹೆಚ್ಚು, ಹೋಲಿಸಬಹುದಾದ ಅಂಕಿ ಕಡಿಮೆ. 2018ರ ನವೆಂಬರಿನಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯ ಸಹಯೋಗದಲ್ಲಿ ಬೆಂಗಳೂರಿನ ಯುಲು ಕಂಪನಿಯ ಬಾಡಿಗೆ ಸೈಕಲ್ ಬಂತು. ಬಾಡಿಗೆಯ ಪ್ರತಿ ಸವಾರಿಯೂ ತಾನಾಗಿ ದಾಖಲಾಗುತ್ತದೆ, ಆದರೆ ಮುಂದೆ ತುಳಿಯಬೇಕಿಲ್ಲದ ವಿದ್ಯುತ್ ವಾಹನಗಳೂ ಆ ಸೇವೆಯೊಳಗೆ ಬಂದವು. ಅದೇ ವರ್ಷ ಬೆಂಗಳೂರಿನಲ್ಲಿ ಶುರುವಾದ ‘ಸೈಕಲ್ ಟು ವರ್ಕ್’ ಅಭಿಯಾನ ಉದ್ಯೋಗಿಗಳ ಸವಾರಿಯನ್ನು ಆ್ಯಪ್ ಮೂಲಕ ಕಂಪನಿವಾರು ಲೆಕ್ಕ ಹಾಕಿತು. ಕೆಲಸದ ಪಯಣವನ್ನು ವ್ಯಾಯಾಮದಿಂದ ಬೇರ್ಪಡಿಸುವ ಮಟ್ಟಿಗೆ ಇದು ಹೆಚ್ಚು ಚೊಕ್ಕ; ಫೋನ್ ತೆರೆಯದೆ ಪಾಳಿಗೆ ಹೋಗುವ ಕಾವಲುಗಾರ ಮಾತ್ರ ಇಲ್ಲೂ ಕಾಣುವುದಿಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ಲೋಕಲ್ ರೈಲು ನಿಂತಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ, 2021ರ ಫೆಬ್ರವರಿ 1ರಿಂದ ನಿಗದಿತ ವೇಳೆಯಲ್ಲಿ ಎಲ್ಲರಿಗೂ ತೆರೆಯಿತು. ಈ ಅವಧಿಯ ಸೈಕಲ್ ಉತ್ಸಾಹವನ್ನು ಹಲವರು ಬೆಳವಣಿಗೆಯ ಆರಂಭವೆಂದು ಗುರುತಿಸುತ್ತಾರೆ. ರೈಲೇ ಇಲ್ಲದ ತಿಂಗಳುಗಳನ್ನು ಆಧಾರ ವರ್ಷವಾಗಿ ಹಿಡಿಯುವುದು ಸರಿಯಲ್ಲ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯ ಮುಂಜಾವಿನ ಗುಂಪುಗಳ ಬಹುಪಾಲು ಸವಾರಿಯೂ ವ್ಯಾಯಾಮದ್ದು. 2024ರ ಫೆಬ್ರವರಿ 28ರಂದು ಇಂಟೆಲ್ ಇಂಡಿಯಾದ ಮಾಜಿ ಮುಖ್ಯಸ್ಥ ಅವತಾರ್ ಸೈನಿ ಅದೇ ರಸ್ತೆಯಲ್ಲಿ ಕ್ಯಾಬ್ ಬಡಿದು ತೀರಿಕೊಂಡಾಗ ಸೈಕಲ್ ಸವಾರರ ಸುರಕ್ಷತೆ ಸುದ್ದಿಯಾಯಿತು. ಅಪಘಾತದ ದಾಖಲೆ ಸತ್ತವರನ್ನು ಎಣಿಸುತ್ತದೆ. ಎಷ್ಟು ಸವಾರರಲ್ಲಿ ಒಬ್ಬರು ಎಂಬುದಕ್ಕೆ ಬೇಕಾದ ಇನ್ನೊಂದು ಸಂಖ್ಯೆ ಅದರಲ್ಲಿರುವುದಿಲ್ಲ.

2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನ. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆಯಾದ ಕಾರಣ ಥಾಣೆ ಜಿಲ್ಲೆಯಲ್ಲೀಗ 7 ತಾಲ್ಲೂಕುಗಳಷ್ಟೇ ಇವೆ. ಹೊಸ ಜಿಲ್ಲಾ ಕೋಷ್ಟಕವನ್ನು 2011ರದ್ದರ ಜೊತೆ ಹೋಲಿಸುವವರು ಪಾಲ್ಘರಿನ 8 ತಾಲ್ಲೂಕುಗಳನ್ನು ಮತ್ತೆ ಕೂಡಿಸಿಕೊಳ್ಳಬೇಕಾಗುತ್ತದೆ.